ಕೈವಾರದ ಬಳೆಗಾರ

ಕೈವಾರದ ನಾರಾಯಣಪ್ಪನವರನ್ನು ನಮ್ಮ ಸೀಮೆಯಲ್ಲಿ ಆ ಹೆಸರಿನಿಂದ ಕರೆಯುವವರು ವಿರಳ. ಚಿಂತಾಮಣಿಯ ಸಂತೆಯಲ್ಲಿಯಾಗಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯಾಗಲಿ ವಿಚಾರಿಸಿದರೆ ಅವರು ತಾತಯ್ಯನವರು. ತಾತ ಎಂಬುದು ಕನ್ನಡಕ್ಕೂ ತೆಲುಗಿಗೂ ಸಮಾನವಾದ ಮಾತು. ದೇಹ ಬಿಟ್ಟು ಎರಡು ಶತಮಾನಗಳಾಗುತ್ತ ಬಂದಿರುವ ಕವಿಯೊಬ್ಬರನ್ನು ಇಷ್ಟು ಮಂದಿ ಮನೆಯ ಹಿರಿಯರ ಹೆಸರಿನಿಂದ ಕರೆಯುವುದು ಸಾಮಾನ್ಯ ಸಂಗತಿಯಲ್ಲ. ಅವರ ಪದಗಳನ್ನು ನಾನು ಓದಿ ಕಲಿತವನಲ್ಲ. ಅವ್ವ ರಾಗಿ ಬೀಸುವಾಗ ಪಕ್ಕದಲ್ಲಿ ಕುಳಿತು ಕೇಳಿ ಕಲಿತವನು. ಅವ್ವ ಎಂದರೆ ಧಾರವಾಡದ ಕಡೆಯ ವಾಚಕರು ತಾಯಿ ಎಂದು ತಿಳಿದಾರು. ನಮ್ಮ ಮನೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ.

ಈ ಮನೆಯ ತೆಲುಗು ಎಂಬುದನ್ನು ಸ್ವಲ್ಪ ವಿವರಿಸದೆ ತಾತಯ್ಯನವರ ಜೀವನವನ್ನು ಹೇಳುವುದು ಸಾಧ್ಯವಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಈ ಊರುಗಳೆಲ್ಲ ಕೋಲಾರ ಜಿಲ್ಲೆಯವು. ತೆಲುಗನ್ನು ಮನೆಮಾತಾಗಿ ಉಳ್ಳ ಕುಟುಂಬಗಳು ಆ ಜಿಲ್ಲೆಯಲ್ಲಿ ಬಹು ಹಿಂದಿನಿಂದಲೂ ಹೇರಳವಾಗಿದ್ದವು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗಲೂ ಜಿಲ್ಲೆ ಮೈಸೂರು ರಾಜ್ಯದಲ್ಲಿಯೇ ಉಳಿಯಿತು. ಅದು ಸಹಜವೂ ಆಗಿತ್ತು. ಏಕೆಂದರೆ ಇಲ್ಲಿಯ ತೆಲುಗರು ಹೊರಗಿನಿಂದ ಬಂದು ನೆಲಸಿದ ಅತಿಥಿಗಳಂತೆ ಎಂದೂ ಬಾಳಿದವರಲ್ಲ. ಹೊಲದಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ತೊಟ್ಟಿಲ ಬಳಿ ತೆಲುಗು, ಹಲಗೆಯ ಮೇಲೆ ಕನ್ನಡ. ಪಲ್ಲಿ ಎಂದು ಕೊನೆಗೊಳ್ಳುವ ಬಾಗೇಪಲ್ಲಿಗೂ ಹಳ್ಳಿ ಎಂದು ಕೊನೆಗೊಳ್ಳುವ ಮುದ್ದೇನಹಳ್ಳಿಗೂ ನಡುವೆ ಗಡಿಗೆರೆ ಎಳೆಯಲು ಹೊರಟವನು ಸಂಜೆಯೊಳಗೆ ಸೋತು ಹಿಂದಿರುಗುತ್ತಾನೆ.

ಈ ತೆಲುಗಿನಲ್ಲಿಯೂ ಒಂದೇ ಬಗೆ ಇಲ್ಲ. ಗೌರಿಬಿದನೂರಿನ ಉತ್ತರದ ಹಳ್ಳಿಗಳ ಮಾತಿಗೆ ಹಿಂದೂಪುರದ ಧಾಟಿಯುಂಟು. ಚಿಂತಾಮಣಿಯ ಪೂರ್ವಕ್ಕೆ ನಡೆದಷ್ಟೂ ಮದನಪಲ್ಲಿಯ ರಾಗ ಕೇಳಿಸುತ್ತದೆ. ಚಿಕ್ಕಬಳ್ಳಾಪುರದ ಸುತ್ತ ಕನ್ನಡದ ಮಾತುಗಳು ಅನುಮತಿ ಕೇಳದೆ ಒಳಗೆ ಬಂದು ಕುಳಿತಿರುತ್ತವೆ. ಕೃಷ್ಣಾ ಗೋದಾವರಿ ತೀರದ ವಿದ್ಯಾವಂತರು ಎಲ್ಲಿ ಎಂಬುದಕ್ಕೆ ‘ಎಕ್ಕಡ’ ಎಂದರೆ, ರಾಯಲಸೀಮೆಯವರಂತೆ ನಾವೂ ‘ಯಾಡ’ ಎನ್ನುತ್ತೇವೆ. ಅಲ್ಲಿ ಎಂಬುದು ‘ಆಡ’, ಇಲ್ಲಿ ಎಂಬುದು ‘ಈಡ’. ರಾಗಿಮುದ್ದೆಗೆ ನಾವು ‘ಸಂಗಟಿ’ ಎನ್ನುತ್ತೇವೆ. ಅನ್ನವುಣ್ಣುವ ಡೆಲ್ಟಾದ ಸೀಮೆಗೆ ಆ ಮಾತಿನ ರುಚಿ ತಿಳಿಯದು. ತೆಲುಗಿನ ಅಕ್ಷರವನ್ನು ನಮ್ಮಲ್ಲಿ ಬಹುಮಂದಿ ಕಲಿತವರೇ ಅಲ್ಲ. ಎರಡೂ ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಆದುದರಿಂದ ತೆಲುಗು ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು ನಮಗೆ ಅಕ್ರಮವೆಂದು ತೋರಿದ್ದೇ ಇಲ್ಲ.

ಅದು ಅಪಹಾಸ್ಯಕ್ಕೆ ಗುರಿಯಾದ ನುಡಿಯೆಂದು ನನಗೆ ತಿಳಿದದ್ದು ಶಾಲೆಯಲ್ಲಿ. ತೆಲುಗಿನಲ್ಲಿ ಬಳೆಗೂ ಗಾಜು ಎಂದೇ ಹೆಸರು. ಹಬ್ಬದ ದಿನ ಅಕ್ಕನ ಗಾಜು ಒಡೆಯಿತೆಂದು ನಾನು ತರಗತಿಯಲ್ಲಿ ಹೇಳಿದಾಗ, ನಿಮ್ಮಕ್ಕನಿಗೆ ಕಿಟಕಿ ಇದೆಯೇ ಎಂದು ಉಪಾಧ್ಯಾಯರು ಕೇಳಿದರು. ಎಲ್ಲರೂ ನಕ್ಕರು, ಮನೆಯಲ್ಲಿ ತೆಲುಗಾಡುವ ಹುಡುಗರೇ ಹೆಚ್ಚು ಗಟ್ಟಿಯಾಗಿ ನಕ್ಕರು. ಮುಂದೆ ಹೈಸ್ಕೂಲಿಗೆ ಬಂದ ತೆಲುಗು ಪಂಡಿತರೊಬ್ಬರು ನಮ್ಮದು ತೆಲುಗೇ ಅಲ್ಲವೆಂದು ತೀರ್ಪಿತ್ತರು. ಹೀಗೆ ಎರಡು ಭಾಷೆಗಳ ಮನೆಯಲ್ಲಿ ಹುಟ್ಟಿದವನು ಎರಡು ಮನೆಗಳ ಜಗಲಿಯ ಮೇಲೆ ನಿಂತಂತಾಯಿತು. ಆ ಗಾಜಿನ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು: ತಾತಯ್ಯನವರು ಜೀವನೋಪಾಯಕ್ಕಾಗಿ ಮಾರುತ್ತಿದ್ದುದು ಅದನ್ನೇ.

ಭಕ್ತಪರಂಪರೆ ಅವರ ಜನನವನ್ನು 1726ರಲ್ಲಿಯೂ ನಿರ್ಯಾಣವನ್ನು 1836ರಲ್ಲಿಯೂ ಇಡುತ್ತದೆ. ಎಂದರೆ ನೂರಹತ್ತು ವರ್ಷಗಳ ಆಯುಸ್ಸು. ಹುಟ್ಟಿದ್ದು ಇಂದಿನ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರವೇ ಇದೆಂದು ಊರವರ ನಂಬಿಕೆ. ಭೀಮನ ಹೆಸರಿನ ಲಿಂಗವೂ ಅಲ್ಲಿದೆ, ಅಮರನಾರಾಯಣನ ದೇವಾಲಯವೂ ಇದೆ. ತಂದೆ ಕೊಂಡಪ್ಪ, ತಾಯಿ ಮುದ್ದಮ್ಮ. ಬಳೆಯ ವ್ಯಾಪಾರದ ಬಲಿಜ ಮನೆತನ. ತಂದೆತಾಯಿಗಳು ಬೇಗನೆ ತೀರಿಕೊಂಡುದರಿಂದ ಸಂಸಾರದ ಹೊರೆಯೂ ಬಳೆಯ ಮಲಾರದ ಹೊರೆಯೂ ಹುಡುಗನ ಹೆಗಲಿಗೆ ಬಂದವು.

ಬಳೆಗಾರನ ಕಸುಬು ಉಳಿದ ವ್ಯಾಪಾರಗಳಂತಲ್ಲ. ಬಟ್ಟೆಯವನೂ ಎಣ್ಣೆಯವನೂ ಬಾಗಿಲಲ್ಲಿ ನಿಂತು ಮಾರಿ ಹೋಗುತ್ತಾರೆ. ಬಳೆಗಾರನಿಗೆ ಜಗಲಿಯ ಮೇಲೆ ಮಣೆ ಹಾಕುತ್ತಾರೆ. ಅವನು ಹೆಣ್ಣುಮಗಳ ಕೈಹಿಡಿದು, ಮುಷ್ಟಿಯನ್ನು ಮೃದುವಾಗಿ ಒತ್ತಿ, ಗಾಜು ಒಡೆಯದಂತೆಯೂ ಚರ್ಮ ಗೀರದಂತೆಯೂ ಬಳೆ ಏರಿಸಬೇಕು. ಏರಿಸುವಷ್ಟು ಹೊತ್ತೂ ಅವಳ ಗಮನ ನೋವಿನ ಕಡೆ ಹೋಗದಂತೆ ಮಾತಾಡುತ್ತಿರಬೇಕು. ತವರಿನ ಸುದ್ದಿ, ಸೊಸೆಯ ದೂರು, ಬಸುರಿಯ ಬಯಕೆ, ಎಲ್ಲವೂ ಅವನ ಕಿವಿಗೆ ಬೀಳುತ್ತವೆ. ಒಂದು ಬೀದಿಯಲ್ಲಿ ಕನ್ನಡದ ಮನೆ, ಮುಂದಿನದರಲ್ಲಿ ತೆಲುಗಿನ ಮನೆ, ಪೇಟೆಯಲ್ಲಿ ಉರ್ದುವಿನವರು. ಯಾರ ಜಗಲಿಯ ಮೇಲೆ ಕುಳಿತನೋ ಅವರ ನುಡಿಯಲ್ಲಿ ಮಾತಾಡಬಲ್ಲವನಿಗೇ ವ್ಯಾಪಾರ. ನಾರಾಯಣಪ್ಪನವರು ತಮ್ಮ ಭಾಷೆಯನ್ನು ಈ ಜಗಲಿಗಳ ಮೇಲೆ ಕಲಿತರೆಂದು ನಾನು ಎಣಿಸುತ್ತೇನೆ. ಪಾಠಶಾಲೆಯಲ್ಲಿ ಕಲಿತಿದ್ದರೆ ಅವರು ಬೇರೆಯೇ ಕವಿಯಾಗುತ್ತಿದ್ದರು. ಪ್ರಾಯಶಃ ನಮ್ಮ ಅವ್ವನಿಗೆ ತಿಳಿಯದ ಕವಿಯಾಗುತ್ತಿದ್ದರು.

ಆದರೆ ವ್ಯಾಪಾರಿಯಾಗಿ ಅವರು ಗೆದ್ದವರಲ್ಲ. ಸಾಲ ಕೊಟ್ಟದ್ದನ್ನು ಕೇಳಿ ಪಡೆಯುವ ಗಟ್ಟಿತನವಿಲ್ಲ, ಬಡವರ ಮನೆಯ ಹೆಣ್ಣುಮಕ್ಕಳಿಗೆ ಬಿಟ್ಟಿಯಾಗಿ ತೊಡಿಸಿ ಬರುವ ಚಾಳಿ, ನಡುದಾರಿಯಲ್ಲಿ ಸಾಧುಗಳು ಕಂಡರೆ ಮಲಾರ ಇಳಿಸಿ ಕುಳಿತುಬಿಡುವ ಸ್ವಭಾವ. ಬರಿಗೈಯಲ್ಲಿ ಮನೆಗೆ ಬಂದ ಗಂಡನನ್ನು ಹೆಂಡತಿ ಬೈಯುತ್ತಿದ್ದಳೆಂದು ಕಥೆ ಹೇಳುವವರು ಆ ಭಾಗವನ್ನು ರಸವತ್ತಾಗಿ ಹೇಳುತ್ತಾರೆ. ನನಗೇನೋ ಆಕೆಯ ಮೇಲೆ ಕನಿಕರವೇ ಹೆಚ್ಚು. ಸಂತರ ಹೆಂಡಂದಿರಿಗೆ ನಮ್ಮ ಚರಿತ್ರಕಾರರು ನ್ಯಾಯ ಮಾಡಿದ್ದಿಲ್ಲ. ಒಲೆಯ ಮೇಲೆ ಎಸರಿಟ್ಟು ಹಿಟ್ಟಿಗಾಗಿ ಕಾಯುವವಳ ಕಡೆಯಿಂದ ನೋಡಿದರೆ ವೈರಾಗ್ಯದ ಬಣ್ಣವೇ ಬೇರೆ.

ಕಾಲವೂ ನೆಮ್ಮದಿಯದಾಗಿರಲಿಲ್ಲ. ಅವರು ಹುಟ್ಟಿದಾಗ ಈ ಸೀಮೆ ಶಿರಾದ ಮೊಗಲ್ ಸುಬೇದಾರರ ನೆರಳಿನಲ್ಲಿತ್ತು. ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿದ್ದರು. ಮರಾಠರ ದಂಡು ಬಂದುಹೋಗುತ್ತಿತ್ತು. 1760ರ ದಶಕದಲ್ಲಿ ಹೈದರಾಲಿ ಚಿಕ್ಕಬಳ್ಳಾಪುರದ ಪಾಳೆಯಗಾರರನ್ನು ಅಡಗಿಸಿದನು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಮುತ್ತಿ ಹಿಡಿಯಿತು. 1799ರಲ್ಲಿ ಟಿಪ್ಪು ಮಡಿದು ಮೈಸೂರು ಮತ್ತೆ ಒಡೆಯರದಾಯಿತು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಪಾರಸಿ, ಮರಾಠಿ, ಇಂಗ್ಲಿಷ್ ಎಂದು ದಫ್ತರದ ಭಾಷೆಗಳು ಬಂದು ಹೋಗುತ್ತಿದ್ದವು. ಕಂದಾಯದ ಕಾಗದದಲ್ಲಿ ಏನು ಬರೆದಿದೆಯೆಂದು ರೈತನಿಗೆ ತಿಳಿಯುತ್ತಿರಲಿಲ್ಲ. ಜಗಲಿಯ ಮೇಲಿನ ಮಾತು ಮಾತ್ರ ಹಾಗೆಯೇ ನಡೆದಿತ್ತು.

ಅವರ ಜೀವನದ ತಿರುವನ್ನು ಪರಂಪರೆ ಒಂದು ಬೆಣಚುಕಲ್ಲಿನ ಕಥೆಯಾಗಿ ಹೇಳುತ್ತದೆ. ಪರದೇಶಿಸ್ವಾಮಿಯೆಂಬ ಸಂಚಾರಿ ಗುರು ಬಳೆಗಾರನಿಗೆ ನಾರಾಯಣಾಷ್ಟಾಕ್ಷರಿಯನ್ನು ಉಪದೇಶಿಸಿ, ಬಾಯಲ್ಲಿ ಒಂದು ಕಲ್ಲನ್ನಿಟ್ಟು, ಇದು ಕಲ್ಲುಸಕ್ಕರೆಯಾಗುವವರೆಗೆ ಜಪಿಸೆಂದು ಹೇಳಿ ಹೊರಟುಹೋದನು. ನಾರಾಯಣಪ್ಪನವರು ಮಲಾರವನ್ನು ಕೆಳಗಿಟ್ಟು ಕೈವಾರದ ಹತ್ತಿರದ ನರಸಿಂಹನ ಗವಿಗೆ ಹೋಗಿ ಕುಳಿತರು. ಮೂರು ವರ್ಷ ಕಳೆದ ಮೇಲೆ ಕಲ್ಲು ಕರಗಿ ಸಿಹಿಯಾಯಿತು. ಕಥೆಯನ್ನು ಅಕ್ಷರಶಃ ನಂಬುವವರೊಡನೆ ನನಗೆ ಜಗಳವಿಲ್ಲ, ನಂಬದವರೊಡನೆಯೂ ಇಲ್ಲ. ಒಂದು ಅಂಶ ಮಾತ್ರ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದೆ. ದಿನವೆಲ್ಲ ಮಾತಾಡಿ ಬದುಕಬೇಕಾಗಿದ್ದ ಮನುಷ್ಯನ ಬಾಯಿಗೆ ಗುರು ಕಲ್ಲಿಟ್ಟನು. ಮೂರು ವರ್ಷ ಅವರು ಯಾರ ನುಡಿಯನ್ನೂ ಆಡಲಿಲ್ಲ. ಹೊರಗೆ ಬಂದಾಗ ಬಾಯಿಂದ ಬಂದದ್ದು ಹಾಡು. ಅದು ಬಂದದ್ದು ಹಳೆಯ ಜಗಲಿಯ ತೆಲುಗಿನಲ್ಲಿ.

ಗವಿಯಿಂದ ಇಳಿದುಬಂದ ಮೇಲಿನ ದೀರ್ಘಜೀವನವೆಲ್ಲ ಹಾಡಿನ ಜೀವನ. ಕೈವಾರದ ದೇವರ ಹೆಸರನ್ನೇ ಅಂಕಿತವಾಗಿಟ್ಟುಕೊಂಡು ತೆಲುಗಿನಲ್ಲಿ ಹೆಚ್ಚಾಗಿ, ಕನ್ನಡದಲ್ಲಿಯೂ, ಕೀರ್ತನೆಗಳನ್ನೂ ತತ್ತ್ವಪದಗಳನ್ನೂ ಕಟ್ಟಿದರು. ಅಮರನಾರೇಯಣ ಶತಕವೂ ಕಾಲಜ್ಞಾನವೂ ಅವರ ಹೆಸರಿನೊಡನೆ ಸದಾ ಕೂಡಿ ಬರುತ್ತವೆ. ಮುಂದೆ ಬರುವ ಕಾಲದ ಕೇಡುಗಳನ್ನು ಹೇಳುವ ಕಾಲಜ್ಞಾನದ ಪ್ರಕಾರವನ್ನು ಕಡಪದ ಸೀಮೆಯ ಪೋತುಲೂರಿ ವೀರಬ್ರಹ್ಮಂ ಅವರು ಆಗಲೇ ಜನಪ್ರಿಯಗೊಳಿಸಿದ್ದರು. ಹಳ್ಳಿಯ ಅರಳಿಕಟ್ಟೆಯ ಮೇಲೆ ಇಂದಿಗೂ ಹೆಚ್ಚು ಚರ್ಚೆಯಾಗುವುದು ಅದೇ. ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಪದಗಳಲ್ಲಿ ಅವರು ಜಾತಿಯ ಹೆಮ್ಮೆಯನ್ನೂ ತೋರಿಕೆಯ ಮಡಿಯನ್ನೂ ಬಿಡದೆ ಹಳಿದಿದ್ದಾರೆ. ಗುರುವಿಲ್ಲದ ವಿದ್ಯೆಯನ್ನೂ ಒಳಗಿನ ನಾದವನ್ನು ಕೇಳದ ಕಿವಿಯನ್ನೂ ಮರುಗಿದ್ದಾರೆ. ಯೋಗಶಾಸ್ತ್ರದ ಕಠಿಣ ಪರಿಭಾಷೆ ಒಂದು ಕಡೆ, ಮನೆವಾರ್ತೆಯ ಸಾಮಾನ್ಯ ಮಾತು ಇನ್ನೊಂದು ಕಡೆ. ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಅಂಕಿತದಲ್ಲಿಯೇ ಒಂದು ವಿಶೇಷವಿದೆ. ದೇವಾಲಯದ ದೇವರು ಅಮರನಾರಾಯಣ. ಪದದ ದೇವರು ಅಮರನಾರೇಯಣ. ಈ ನಾರೇಯಣ ಎಂಬ ರೂಪಕ್ಕೆ ಭಕ್ತರು ಗೂಢಾರ್ಥಗಳನ್ನು ಹೇಳುವುದುಂಟು. ಭಾಷೆಯ ವಿದ್ಯಾರ್ಥಿಯಾದ ನನಗೆ ಅದು ಆಡುನುಡಿಯೆಂದೇ ತೋರುತ್ತದೆ. ನಮ್ಮ ಹಳ್ಳಿಗಳಲ್ಲಿ ನಾರಾಯಣಪ್ಪನೆಂಬ ಹೆಸರಿನವನು ಬೀದಿಯ ಕೊನೆ ಮುಟ್ಟುವುದರೊಳಗೆ ನಾರೇಣಪ್ಪನಾಗಿರುತ್ತಾನೆ. ತಮ್ಮ ಹೆಸರೂ ತಮ್ಮ ದೇವರ ಹೆಸರೂ ಒಂದೇ ಆಗಿದ್ದ ಕವಿ, ಆ ಹೆಸರನ್ನು ಅರ್ಚಕರ ಬಾಯಿಂದಲ್ಲ, ಬೀದಿಯ ಬಾಯಿಂದ ತೆಗೆದುಕೊಂಡರು.

ಇನ್ನು ನನ್ನ ತಪ್ಪೊಂದನ್ನು ಹೇಳಬೇಕು. ಉಪಾಧ್ಯಾಯನಾದ ಹೊಸದರಲ್ಲಿ ಅವ್ವನಿಂದ ತಾತಯ್ಯನವರ ಪದಗಳನ್ನು ಬರೆದುಕೊಳ್ಳಲು ಕುಳಿತೆನು. ಬೇಸಗೆಯ ರಜೆಯೆಲ್ಲ ಅವಳು ಹಾಡಿದಳು, ನಾನು ಕನ್ನಡ ಅಕ್ಷರದಲ್ಲಿ ಬರೆದೆನು. ಆದರೆ ಪಂಡಿತರ ತೀರ್ಪು ಇನ್ನೂ ಕಿವಿಯಲ್ಲಿತ್ತು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಅವಳ ಬಾಯಿಂದ ಬಂದುದನ್ನು ಶುದ್ಧಗೊಳಿಸುತ್ತಲೇ ಬರೆದೆನು. ಅವಳು ‘ಯಾಡ’ ಎಂದಲ್ಲೆಲ್ಲ ‘ಎಕ್ಕಡ’ ಎಂದು ಹಾಕಿದೆನು. ಮೂರು ಮಾತ್ರೆಯಿದ್ದ ಜಾಗದಲ್ಲಿ ನಾಲ್ಕು ಮಾತ್ರೆ ಬಂದು ತಾಳ ಕುಂಟಿತು. ಕುಂಟಿದುದನ್ನು ಸರಿಪಡಿಸಲು ಮುಂದಿನ ಮಾತನ್ನು ಮೊಟಕುಮಾಡಿದೆನು. ಕನ್ನಡದ ಮಾತು ಬಂದರೆ ಕಲಬೆರಕೆಯೆಂದು ತೆಗೆದೆನು. ಬರೆದು ಮುಗಿಸಿ ಓದಿ ತೋರಿಸಿದಾಗ ಅವ್ವ ಬಹು ಚೆನ್ನಾಗಿದೆಯೆಂದಳು. ಇದು ಯಾವ ಊರಿನವರ ಹಾಡೆಂದೂ ಕೇಳಿದಳು. ಅವಳಿಗೆ ಹಾಸ್ಯ ಮಾಡುವ ಉದ್ದೇಶವಿರಲಿಲ್ಲ. ನಾಲ್ಕು ವರ್ಷಗಳ ಮೇಲೆ ಅವಳು ತೀರಿಕೊಂಡಳು. ನೋಟುಪುಸ್ತಕ ನನ್ನಲ್ಲಿದೆ. ಮೊದಲ ಕರಡುಗಳನ್ನು ನಾನು ಇಟ್ಟುಕೊಳ್ಳಲಿಲ್ಲ.

ತಪ್ಪು ನನಗೆ ಪೂರ್ಣವಾಗಿ ತಿಳಿದದ್ದು ಬಹು ದೂರದ ಕವಿಯೊಬ್ಬನ ಜೀವನವನ್ನು ಓದಿದಾಗ. ಕಾಲೇಜಿನ ಪುಸ್ತಕಭಂಡಾರದಲ್ಲಿ ಯೂರೋಪಿನ ಸಣ್ಣ ಸಾಹಿತ್ಯಗಳನ್ನು ಕುರಿತ ಒಂದು ಗ್ರಂಥ ಸಿಕ್ಕಿತು. ಅದರಲ್ಲಿ ಬೆಲ್ಜಿಯಂ ದೇಶದ ಗೀಡೊ ಗೆಜೆಲ್ಲೆ ಎಂಬ ಪಾದ್ರಿಯ ವೃತ್ತಾಂತವಿತ್ತು. ಬೆಲ್ಜಿಯಂನ ಉತ್ತರಾರ್ಧದ ಜನರ ನುಡಿ ಡಚ್. ಆದರೆ ಹಾಲೆಂಡಿನ ಡಚ್ಚಿಗಿಂತ ಬೇರೆ ಧಾಟಿಯದು, ಫ್ಲೆಮಿಷ್ ಎಂದು ಕರೆಯುವುದು ರೂಢಿ. ಅದರೊಳಗೆ ಮತ್ತೆ ಪಶ್ಚಿಮ ಫ್ಲಾಂಡರ್ಸಿನದೊಂದು, ಪೂರ್ವದ್ದೊಂದು, ಬ್ರಬಾಂಟಿನದೊಂದು, ಲಿಂಬರ್ಗಿನದೊಂದು ಎಂದು ಉಪಭಾಷೆಗಳು. ಪಶ್ಚಿಮದವರ ಬಾಯಲ್ಲಿ ಗಕಾರ ಹಕಾರವಾಗುತ್ತದೆ. ಪದದ ಮೊದಲ ಹಕಾರ ಬಿದ್ದೇ ಹೋಗುತ್ತದೆ. ಪಳ್ಳಿಯನ್ನು ಹಳ್ಳಿ ಮಾಡಿದ ಕನ್ನಡಿಗರಿಗೆ ಇದು ವಿಚಿತ್ರವೆನ್ನಿಸಬೇಕಾದುದಿಲ್ಲ. ಅಲ್ಲಿ ಆಡಳಿತವೂ ಉನ್ನತ ವಿದ್ಯೆಯೂ ಫ್ರೆಂಚಿನಲ್ಲಿ. ತಮ್ಮ ನುಡಿಯಲ್ಲಿ ಬರೆಯಬೇಕೆನ್ನುವ ಪಂಡಿತರಲ್ಲಿಯೂ ಅನೇಕರಿಗೆ ಹಾಲೆಂಡಿನ ಶಿಷ್ಟರೂಪವೇ ಮಾದರಿ. ಗೆಜೆಲ್ಲೆ ಎರಡನ್ನೂ ಒಪ್ಪದೆ ತನ್ನ ಪಶ್ಚಿಮ ಫ್ಲಾಂಡರ್ಸಿನ ರೈತರ ಮಾತಿನಲ್ಲಿ ಬರೆದನು.

ಅವನು ಬ್ರೂಜ್ ನಗರದಲ್ಲಿ ತೋಟಗಾರನ ಮಗನಾಗಿ ಹುಟ್ಟಿದುದು 1830ರಲ್ಲಿ, ಎಂದರೆ ಪರಂಪರೆಯ ಲೆಕ್ಕದಂತೆ ತಾತಯ್ಯನವರು ಇನ್ನೂ ಇದ್ದಾಗ. ರೂಸೆಲಾರೆ ಎಂಬ ಊರಿನ ಶಾಲೆಯಲ್ಲಿ ಉಪಾಧ್ಯಾಯನಾಗಿ, 1858ರಲ್ಲಿ ಕವನಸಂಗ್ರಹ ಪ್ರಕಟಿಸಿದನು. 1881ರಿಂದ ಲೋಕ್ವೇಲ ಎಂಬ ಸಣ್ಣ ಪತ್ರಿಕೆ ನಡೆಸಿ, ಜನರ ಬಾಯಲ್ಲಿ ಬದುಕಿದ್ದು ನಿಘಂಟಿಗೆ ಸೇರದ ಮಾತುಗಳನ್ನು ಸಂಗ್ರಹಿಸಿ ಅಚ್ಚುಹಾಕಿದನು. 1899ರಲ್ಲಿ ತೀರಿಕೊಂಡನು. ಪ್ರಾಂತೀಯನೆಂದು ಹಿಂದೆ ಸರಿಸಲ್ಪಟ್ಟಿದ್ದವನನ್ನು ಇಂದು ಡಚ್ ಭಾಷೆಯ ಬಹು ದೊಡ್ಡ ಕವಿಗಳ ಸಾಲಿನಲ್ಲಿ ಎಣಿಸುತ್ತಾರೆ. ತೋಟಗಾರನ ಮಗ ಒಂದೊಂದು ಮಾತನ್ನೂ ಇದ್ದಂತೆಯೇ ಚೀಟಿಯಲ್ಲಿ ಬರೆದಿಡುತ್ತಿದ್ದನೆಂದು ಓದಿದ ರಾತ್ರಿ ನಾನು ನನ್ನ ನೋಟುಪುಸ್ತಕವನ್ನು ತೆರೆಯಲಾರದೆ ಹೋದೆನು.

ತಾತಯ್ಯನವರಿಗೆ ಅಂತಹ ಪುನರ್ವಿಮರ್ಶೆ ಇನ್ನೂ ಸಲ್ಲಬೇಕಾಗಿದೆ. ಕನ್ನಡ ಸಾಹಿತ್ಯದ ಚರಿತ್ರೆ ಬರೆಯುವವರಿಗೆ ಅವರು ತೆಲುಗು ಕವಿ. ತೆಲುಗಿನವರಿಗೆ ಮೈಸೂರು ಸೀಮೆಯವರು. ಆಡುನುಡಿಗಾಗಿ ಹೋರಾಡಿದ ಗಿಡುಗು ರಾಮಮೂರ್ತಿಯವರ (1863-1940) ಚಳವಳಿ ತೆಲುಗಿನ ಗದ್ಯವನ್ನು ಗ್ರಾಂಥಿಕದ ಬಿಗಿಯಿಂದ ಬಿಡಿಸಿತು. ಅದರಿಂದ ಗೆದ್ದ ಆಡುನುಡಿ ಮುಖ್ಯವಾಗಿ ಕರಾವಳಿ ಜಿಲ್ಲೆಗಳ ವಿದ್ಯಾವಂತರದು. ನಮ್ಮ ಜಗಲಿಯವರೆಗೆ ಆ ಬೆಳಕು ಬರಲಿಲ್ಲ. ಹಾಗಿದ್ದೂ ಪದಗಳು ಉಳಿದಿವೆ. ಉಳಿಸಿದವರು ಭಜನೆಯ ತಂಡದವರು, ನಾಟಿ ಮಾಡುವ ಹೆಂಗಸರು, ಏಕತಾರಿ ಹಿಡಿದು ಬರುವ ದಾಸರು. ಇವರಲ್ಲಿ ಬಹುಮಂದಿ ತೆಲುಗನ್ನು ಕನ್ನಡ ಅಕ್ಷರದಲ್ಲಿ ಓದುವವರು. ಇನ್ನು ಕೆಲವರು ಯಾವ ಅಕ್ಷರವನ್ನೂ ಓದದವರು.

ಕೊನೆಯ ವರ್ಷಗಳಲ್ಲಿ ತಾತಯ್ಯನವರು ಕೈವಾರದಲ್ಲಿಯೇ ಇದ್ದು, ಬಂದವರಿಗೆ ಪದ ಹೇಳಿಕೊಡುತ್ತ, 1836ರಲ್ಲಿ ಅಲ್ಲಿಯೇ ಸಜೀವವಾಗಿ ಸಮಾಧಿಸ್ಥರಾದರೆಂದು ಪರಂಪರೆ ಹೇಳುತ್ತದೆ. ಸಮಾಧಿಯ ಸುತ್ತ ಇಂದು ಮಠ ಬೆಳೆದಿದೆ. ಗುರುಪೂರ್ಣಿಮೆಗೆ ಸಂಗೀತೋತ್ಸವ ನಡೆಯುತ್ತದೆ. ದೊಡ್ಡ ವಿದ್ವಾಂಸರೂ ಬರುತ್ತಾರೆ, ಹಳ್ಳಿಯ ತಂಡಗಳೂ ಬರುತ್ತವೆ.

ಒಂದು ಗುರುಪೂರ್ಣಿಮೆಗೆ ನೋಟುಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋದೆನು. ಗೌರಿಬಿದನೂರಿನ ಕಡೆಯ ತಂಡವೊಂದು ಕಂಬದ ಪಕ್ಕದಲ್ಲಿ ಕುಳಿತು, ಅವ್ವನಿಂದ ನಾನು ಬರೆದುಕೊಂಡಿದ್ದ ಪದವೊಂದನ್ನು ಎತ್ತಿಕೊಂಡಿತು. ನಾನು ತಿದ್ದಿದ್ದ ಜಾಗ ಬಂದಾಗ ಕಿವಿಗೊಟ್ಟು ಕೇಳಿದೆನು. ಅವರು ನನ್ನ ಶುದ್ಧರೂಪವನ್ನು ಹಾಡಲಿಲ್ಲ. ನನಗೆ ನೆನಪಿದ್ದ ಮಟ್ಟಿಗೆ ಅವ್ವನ ರೂಪವೂ ಅದಾಗಿರಲಿಲ್ಲ. ಹಿಂದೂಪುರದ ಗಾಳಿ ಸೋಕಿದ ಮೂರನೆಯದೊಂದನ್ನು ಹಾಡಿದರು. ತಾಳ ಎಲ್ಲಿಯೂ ಕುಂಟಲಿಲ್ಲ. ಹಾಡು ಮುಗಿದ ಮೇಲೆ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು, ಕೆಳಗೆ ಅವರ ಹಳ್ಳಿಯ ಹೆಸರು ಹಾಕಿದೆನು. ಅಂದಿನಿಂದ ಎಲ್ಲಿ ಕೇಳಿದರೂ ಹಾಗೆಯೇ ಮಾಡುತ್ತ ಬಂದಿದ್ದೇನೆ. ಶಿಡ್ಲಘಟ್ಟದ ಕಡೆಯ ಹಳ್ಳಿಗಳವು ಈಗ ಸಾಕಷ್ಟು ಸೇರಿವೆ. ಪುಸ್ತಕದ ಹದಿನೇಳು ಪದಗಳನ್ನು ಮಾತ್ರ ಇದುವರೆಗೆ ಬೇರೆ ಯಾರ ಬಾಯಲ್ಲಿಯೂ ಕೇಳಿಲ್ಲ. ಆ ಪುಟಗಳ ಅಂಚು ಬಿಳಿಯಾಗಿಯೇ ಇದೆ.